ಗಂಡು ಚಿಟ್ಟೆಗಳು ಸುಮ್ಮನಾದ ದಿನ

ಬಿತ್ತನೆ ಕೋಠಿ, ಕೊಳ್ಳೇಗಾಲ
ಎರಡನೆಯ ಬೇಸಿಗೆಯ ಕೊನೆಯ ವಾರ, ಕ್ರಿಸ್ತಶಕ 2219

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಮಡಚಿ ಇಡಬೇಡಿ. ನಿಮ್ಮ ಪಂಚಾಂಗದಲ್ಲಿ ಬೇಸಿಗೆ ಒಂದೇ ಎಂದು ಓದಿದ್ದೇನೆ. ನಮಗೆ ಮಳೆಗೆ ಮುಂಚೆ ಒಂದು, ಮಳೆ ಮುಗಿದ ಮೇಲೆ ಇನ್ನೊಂದು ಬರುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಿವಿಗೆ ಬೀಳದ ಪದ ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ನನ್ನ ಸಂತೋಷ. ಈ ಸುದ್ದಿಯನ್ನು ಯಾರಿಗಾದರೂ ಹೇಳದೆ ಇರಲು ಸಾಧ್ಯವೇ ಇಲ್ಲ. ನಮ್ಮ ಕಾಲದವರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದೇನೆ. ಈಗ ಉಳಿದವರು ನೀವು.

ನನ್ನ ಹೆಸರು ಚಿಕ್ಕತಾಯಿ. ಕೊಳ್ಳೇಗಾಲದ ಬಿತ್ತನೆ ಕೋಠಿಯಲ್ಲಿ ನಾನೊಬ್ಬ ಹೊಸಗೈ. ಕಸುಬು ಕಲಿಯಲು ಸೇರಿ ಇನ್ನೂ ಕಲಿಕೆ ಮುಗಿಯದವರನ್ನು ನಾವು ಹಾಗೆ ಕರೆಯುತ್ತೇವೆ. ಬಿತ್ತನೆ ಕೋಠಿ ನಿಮ್ಮ ಕಾಲದಲ್ಲೂ ಇತ್ತು: ರೇಷ್ಮೆಹುಳುವಿನ ರೋಗವಿಲ್ಲದ ಮೊಟ್ಟೆಯನ್ನು ತಯಾರಿಸಿ ಹುಳು ಸಾಕುವವರಿಗೆ ಕೊಡುವ ಜಾಗ. ಆದರೆ ನಿಮಗೆ ರೇಷ್ಮೆ ಎಂದರೆ ಸೀರೆ. ನಮಗೆ ಅದು ಮೊದಲು ನರನೂಲು, ಆಮೇಲೆ ಸೀರೆ. ಕತ್ತರಿಸಿಹೋದ ನರದ ಎರಡು ತುದಿಗಳ ನಡುವೆ ಈ ನೂಲಿನಿಂದ ನೇಯ್ದ ಸಣ್ಣ ಕೊಳವೆಯನ್ನಿಟ್ಟು ಹೊಲಿಯುತ್ತಾರೆ. ಚಪ್ಪರಕ್ಕೆ ಅವರೆ ಬಳ್ಳಿ ಹಬ್ಬುವ ಹಾಗೆ ನರ ಅದರೊಳಗೆ ಹಬ್ಬಿ, ಆ ಕಡೆಯ ತುದಿಯನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ. ಆ ನೂಲಿಗೆ ಬೇಕಾದ ತಳಿಯ ಹುಳು ಬಹಳ ನಾಜೂಕು. ಯಂತ್ರದ ಬೆರಳು ತಾಗಿದರೆ ಚಿಟ್ಟೆಯ ಹೊಟ್ಟೆ ಒಡೆಯುತ್ತದೆ. ಆದ್ದರಿಂದ ಇಷ್ಟು ಕಾಲವಾದರೂ ಈ ಕೆಲಸ ಮನುಷ್ಯರ ಕೈಯಲ್ಲೇ ಉಳಿದಿದೆ.

ನಮ್ಮ ದಿನ ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಬೆಳಗಿನ ತಂಪಿನಲ್ಲೇ ತೂಗುಬಂಡಿ ಹತ್ತುತ್ತೇವೆ. ತಂತಿಯ ಮೇಲೆ ಜೋತುಬಿದ್ದು ಹೋಗುವ ಆ ಬಂಡಿಯಿಂದ ಕೆಳಗೆ ನೋಡಿದರೆ ಊರಿನ ಮನೆಮನೆಯ ಗೋಡೆಗಳ ಮೇಲೂ ಹಿಪ್ಪುನೇರಳೆ ಸೊಪ್ಪು ಹಸಿರಾಗಿ ಇಳಿಬಿದ್ದಿರುತ್ತದೆ. ಕೋಠಿಯ ದೊಡ್ಡ ಹಜಾರದಲ್ಲಿ ತಟ್ಟೆಗಳ ಸಾಲು. ಗೂಡಿನಿಂದ ತೆಗೆದ ಕೋಶಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಮಾಡಿ ಇಟ್ಟಿರುತ್ತೇವೆ. ಬೆಳಕು ಹರಿಯುತ್ತಿದ್ದಂತೆ ಬಿಳಿ ಚಿಟ್ಟೆಗಳು ಒದ್ದೆ ರೆಕ್ಕೆ ಬಿಚ್ಚಿಕೊಂಡು ಹೊರಗೆ ಬರುತ್ತವೆ. ಹೆಣ್ಣಿನ ತಟ್ಟೆಗೆ ಗಂಡನ್ನು ಬಿಟ್ಟು ಜೋಡಿ ಮಾಡುವುದು, ಮಧ್ಯಾಹ್ನದ ಮೇಲೆ ಜೋಡಿ ಬಿಡಿಸುವುದು, ತಾಯಿಚಿಟ್ಟೆಯನ್ನು ಮೊಟ್ಟೆಹಾಳೆಯ ಮೇಲೆ ಕೂರಿಸುವುದು, ಇವೆಲ್ಲ ನಮ್ಮ ಕೆಲಸ. ಎಂಥ ಸೆಖೆಯಲ್ಲೂ ಹಜಾರ ತಣ್ಣಗಿರುತ್ತದೆ. ನೆಲದಡಿಯ ಸುರಂಗದಲ್ಲಿ ತಂಪಾಗಿ ಬಂದ ಗಾಳಿ ಪೂರ್ವದ ಗೋಡೆಯ ಕಿಂಡಿಗಳಿಂದ ಒಳಗೆ ನುಗ್ಗಿ, ಹಜಾರವನ್ನು ಹಾದು, ಪಶ್ಚಿಮದ ಗೋಪುರದಿಂದ ಹೊರಗೆ ಹೋಗುತ್ತದೆ. ಕಟ್ಟಡ ಕಟ್ಟಿದವರು ಹೆಣ್ಣು ಚಿಟ್ಟೆಗಳ ತಟ್ಟೆಗಳನ್ನು ಪೂರ್ವದ ಕಿಂಡಿಗಳ ಪಕ್ಕವೇ ಇಡಿಸಿದ್ದರು, ಮೊಟ್ಟೆಗೆ ತಂಪು ಬೇಕಲ್ಲ. ಗಂಡುಗಳೆಲ್ಲ ಪಶ್ಚಿಮಕ್ಕೆ.

ಚಿಟ್ಟೆ ರೆಕ್ಕೆ ಬಡಿದಾಗ ಹಿಟ್ಟಿಗಿಂತ ನಯವಾದ ಬಿಳಿ ಧೂಳು ಉದುರುತ್ತದೆ. ಅದನ್ನು ರೆಕ್ಕೆಪುಡಿ ಎನ್ನುತ್ತೇವೆ. ಮೂಗಿಗೆ ಗವಸು ಕಟ್ಟಿಕೊಂಡರೂ ಅದು ಕೂದಲಲ್ಲಿ, ಕಾಲರಿನಲ್ಲಿ, ರೆಪ್ಪೆಯಲ್ಲಿ ಕೂರುತ್ತದೆ. ಬೆವರಿಗೆ ಗವಸು ಒದ್ದೆಯಾದಾಗ ಎಲ್ಲರೂ ಒಂದು ಗಳಿಗೆ ಅದನ್ನು ಸಡಿಲಿಸಿ ಉಸಿರೆಳೆದುಕೊಳ್ಳುತ್ತಾರೆ. ಕೆಲವರ ಮೈ ಈ ಪುಡಿಯನ್ನು ಶತ್ರುವೆಂದು ಗುರುತು ಹಿಡಿದುಬಿಡುತ್ತದೆ. ಅದಕ್ಕೆ ನಮ್ಮ ಮಾತು ಮೈನೆನಪು. ಇಷ್ಟು ಶತಮಾನ ಕಳೆದ ಮೇಲೆ ಇಂಥ ಕಾಯಿಲೆಗಳೆಲ್ಲ ಮುಗಿದಿರಬೇಕು ಎಂದು ನೀವು ಊಹಿಸಿರಬಹುದು. ಇಲ್ಲ. ಮುರಿದ ನರವನ್ನು ಬೆಸೆಯುತ್ತೇವೆ, ಆದರೆ ಒಮ್ಮೆ ಹತ್ತಿದ ಮೈನೆನಪನ್ನು ಅಳಿಸಲು ನಮಗೂ ಬರುವುದಿಲ್ಲ.

ಅದಕ್ಕೇ ಕೋಠಿಗೆ ಸೇರುವ ದಿನ ಪ್ರತಿ ಹೊಸಗೈಗೂ ಎರಡು ಪರೀಕ್ಷೆ. ಮೊದಲನೆಯದು ಚರ್ಮದ್ದು. ಮುಂದೋಳಿನ ಮೇಲೆ ಬೇರೆ ಬೇರೆ ಧೂಳಿನ ಸಾರದ ಹನಿಗಳನ್ನಿಟ್ಟು ಸೂಜಿಮೊನೆ ತಾಗಿಸುತ್ತಾರೆ. ಮೈಗೆ ಆಗದ ಹನಿಯ ಕೆಳಗೆ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳುತ್ತದೆ. ಎರಡನೆಯದು ಎದೆಯದ್ದು. ಔಷಧದ ಮಂಜನ್ನು ಉಸಿರಿನಲ್ಲಿ ಎಳೆಸುತ್ತಾ ಹೋಗುತ್ತಾರೆ, ಪ್ರತಿ ಸಲ ಸ್ವಲ್ಪ ಹೆಚ್ಚು ಖಾರ. ಯಾವ ಖಾರಕ್ಕೆ ಎದೆ ಬಿಗಿಯಲು ಶುರುವಾಗುತ್ತದೋ ಅದೇ ನಿಮ್ಮ ಉಸಿರಂಕ. ಅಂಕ ಹೆಚ್ಚಿದ್ದರೆ ತಾಳ್ಮೆಯ ಎದೆ, ಕಡಿಮೆಯಿದ್ದರೆ ಸಿಡುಕಿನ ಎದೆ.

ನಾನು ಸೇರಿದ ದಿನ ಕೋಠಿಯ ವೈದ್ಯರಾದ ಡಾಕ್ಟರ್ ನಜ್ಮುನ್ನಿಸಾ ನನ್ನ ತೋಳು ನೋಡಿ ನಕ್ಕುಬಿಟ್ಟರು. "ಏನವ್ವ ಇದು, ಕಡಲೆ ಬಿತ್ತಿದ ಹಾಗಿದೆ!" ಮನೆಯ ಧೂಳು, ಜಿರಲೆ, ಪಾರ್ಥೇನಿಯಂ, ಬೆಕ್ಕಿನ ಕೂದಲು, ಎಲ್ಲಕ್ಕೂ ಗುಳ್ಳೆ ಎದ್ದಿತ್ತು. ರೆಕ್ಕೆಪುಡಿಯ ಹನಿ ಮಾತ್ರ ಸುಮ್ಮನಿತ್ತು. ಕೋಠಿಯ ಯಜಮಾನರಾದ ರಾಚಯ್ಯನವರು ಪಕ್ಕದಲ್ಲೇ ನಿಂತಿದ್ದರು. ಎತ್ತರದ ಆಳು, ಮಾತು ಕಡಿಮೆ, ನಿಯಮ ಎಂದರೆ ನಿಯಮ.

"ಈ ಕೂಸ್ನ ಒಳಕ್ಕೆ ಬುಡಬ್ಯಾಡಿ ಡಾಕ್ಟ್ರಮ್ಮ," ಎಂದರು. "ಯಾವ್ದ್ ಕಂಡ್ರೂ ಇವ್ಳ ಮೈಗಾಗಲ್ಲ. ರೆಕ್ಕೆಪುಡಿ ಸುಮ್ನೆ ಬುಟ್ಟದಾ?"

"ಇವತ್ತು ಎದ್ದಿಲ್ವಲ್ಲ ರಾಚಯ್ಯನವರೆ. ನಾಳೆ ಏಳುತ್ತೋ ಇಲ್ವೋ ಅಂತ ಕೈ ನೋಡಿ ಭವಿಷ್ಯ ಹೇಳೋಕೆ ನನಗೆ ಬರಲ್ಲ. ಸೇರಿಸ್ಕೊಳ್ಳಿ. ನಾನು ಕಣ್ಣಿಟ್ಟಿರ್ತೀನಿ."

ನನ್ನ ಹಿಂದೆ ನಿಂತಿದ್ದವಳು ಮಾದಲಾಂಬಿಕೆ, ನಮಗೆಲ್ಲ ಮಾದಲ. ಅವಳ ತೋಳಿನ ಮೇಲೆ ಒಂದು ಗುಳ್ಳೆಯೂ ಇಲ್ಲ, ಉಸಿರಂಕ ನಮ್ಮೆಲ್ಲರಿಗಿಂತ ಮೇಲೆ. "ಇಂಥೋರ್ ಬೇಕು ನೋಡಿ ಕೋಠಿಗೆ," ಎಂದರು ರಾಚಯ್ಯನವರು. ಮಾದಲಳ ಅಣ್ಣನಿಗೆ ತೂಗುಬಂಡಿಯ ಅಪಘಾತದಲ್ಲಿ ಬಲಗೈ ಸತ್ತುಹೋಗಿತ್ತು. ನರನೂಲು ಹಾಕಿಸಿಕೊಂಡು ಬಹಳ ಕಾಲವಾದ ಮೇಲೆ ಒಂದು ಮಧ್ಯಾಹ್ನ ಅವನು ಅದೇ ಕೈಯಿಂದ ರಾಗಿಮುದ್ದೆ ಮುರಿದು ಸಾರಿಗೆ ಅದ್ದಿದ. ಎದುರು ಕೂತಿದ್ದ ಮಾದಲ ಊಟ ಬಿಟ್ಟು ಎದ್ದು, ನಾನು ಕೋಠಿಗೆ ಸೇರುತ್ತೇನೆ ಎಂದು ಮನೆಯವರಿಗೆಲ್ಲ ಹೇಳಿದಳಂತೆ. ಹಾಗೆ ಬಂದವಳು. ಅವಳ ಬೆರಳು ಎಷ್ಟು ಹಗುರವೆಂದರೆ, ಜೋಡಿ ಬಿಡಿಸುವಾಗ ಚಿಟ್ಟೆಗೆ ಗೊತ್ತೇ ಆಗುತ್ತಿರಲಿಲ್ಲ. ನಾವಿಬ್ಬರೂ ಒಂದೇ ಸಾಲಿನಲ್ಲಿ ಕೆಲಸಕ್ಕೆ ನಿಂತೆವು, ಒಂದೇ ಬುತ್ತಿಯಲ್ಲಿ ಉಂಡೆವು.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಮಾದಲಳ ಮೂಗು ಸೋರಲು ಶುರುವಾಯಿತು. ಕಣ್ಣು ಕೆಂಪು, ಬೆಳಗಿಂದ ಸಂಜೆವರೆಗೆ ಸೀನು.

"ಏನಮ್ಮಿ ಇದು?" ಎಂದೆ.

"ಸೀತ ಕನಮ್ಮಿ."

"ಭಾನ್ವಾರ ಮನೆಗೋದಾಗ ಈ ಸೀತ ಎಲ್ಲಿರ್ತದ?"

"ಅದೂ ರಜಾ ತಗತದ," ಎಂದು ನಕ್ಕಳು. ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ತಟ್ಟೆಯ ಚೌಕಟ್ಟನ್ನು ಹಿಡಿದುಕೊಂಡು ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಅವಳ ಎದೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು, "ಯಾರ್ಗೂ ಹೇಳಬ್ಯಾಡ, ನಿನ್ನ ದಮ್ಮಯ್ಯ," ಎಂದಳು. ಅವಳ ಭಯ ನನಗೆ ಅರ್ಥವಾಗದೆ ಇರಲಿಲ್ಲ. ನಮ್ಮಲ್ಲಿ ಹೊಸ್ತಿಲ ನಿಯಮ ಎಂಬುದಿತ್ತು. ರೆಕ್ಕೆಪುಡಿಗೆ ಗುಳ್ಳೆ ಎದ್ದು, ಉಸಿರಂಕವೂ ಇಳಿದವರು ಹಜಾರದ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ, ಮತ್ತೆಂದೂ.

"ಉಸ್ರು ಸಿಕ್ದೆ ಸಾಯೋದು ನೋಡ್ಕೊಂಡ್ ನಾ ಸುಮ್ನಿರ್ಬೇಕಾ?" ಎಂದೆ. "ನೀನಾಗ್ ನೀನೇ ಬಾ. ಇಲ್ದೇ ಹೋದ್ರೆ ಡಾಕ್ಟ್ರಮ್ಮನ್ನೇ ಇಲ್ಲಿಗ್ ಕರ್ಕಬತ್ತಿನಿ."

ಅವಳು ಬಂದಳು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಯಾವ ತೋಳಿನ ಮೇಲೆ ಅಂದು ಏನೂ ಇರಲಿಲ್ಲವೋ ಅಲ್ಲಿ ಈಗ ರೆಕ್ಕೆಪುಡಿಯ ಹನಿಯ ಕೆಳಗೆ ದಪ್ಪ ಗುಳ್ಳೆ. ಎರಡನೆಯ ಮಂಜಿಗೇ ಎದೆ ಬಿಗಿದುಕೊಂಡಿತು. ಡಾಕ್ಟರಮ್ಮ ತಕ್ಷಣ ಬೇರೆ ಔಷಧ ಕೊಟ್ಟು ಉಸಿರನ್ನು ಸರಿಗೆ ತಂದರು. ಅಂದೇ ಅವರು ನನ್ನನ್ನೂ ಪರೀಕ್ಷೆಗೆ ಕೂರಿಸಿದರು. ಜಿರಲೆಗೆ, ಧೂಳಿಗೆ ಹಳೆಯ ಗುಳ್ಳೆಗಳು ಎದ್ದವು, ರೆಕ್ಕೆಪುಡಿಗೆ ಏನೂ ಇಲ್ಲ. ನನಗೆ ನಾಚಿಕೆಯೇ ಆಯಿತು.

"ಅವ್ಳಿಗ್ಯಾಕ್ ಬಂತು, ನನಗ್ಯಾಕ್ ಬರ್ನಿಲ್ಲ?" ಎಂದು ಕೇಳಿದೆ.

"ನಂಗೂ ಗೊತ್ತಿಲ್ಲವ್ವ," ಎಂದರು. "ನಿನ್ನಂಥೋರಿಗೆ ಸ್ವಲ್ಪ ಬೇಗ ಹತ್ತುತ್ತೆ ಅಂತ ಲೆಕ್ಕ ಹೇಳುತ್ತೆ. ಆದ್ರೆ ಲೆಕ್ಕ ಹೇಳೋದು ಗುಂಪಿನ ಮಾತು. ನನ್ ಮುಂದೆ ಕೂತಿರೋ ಒಬ್ಬಳ ಮಾತಲ್ಲ."

ರಾಚಯ್ಯನವರು ಬಂದು ನಿಂತಾಗ ಮಾದಲ ಎದ್ದು ನಿಂತಳು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಯಮ ಮಾಡಿರೋದು ನಿನ್ನ ಎದೆ ಕಾಯಕ್ಕೆ ಕೂಸು, ನಿನ್ ಮ್ಯಾಲ್ ಹಗೆಗಲ್ಲ," ಎಂದರು.

"ನನ್ ಎದೆ ಕೆಟ್ಟದ, ಸರಿ," ಎಂದಳು ಮಾದಲ. "ನನ್ ಕೈ ಏನ್ ತಪ್ ಮಾಡ್ತು ಅಯ್ಯಾ?"

ರಾಚಯ್ಯನವರು ಅವಳ ಕೈಯನ್ನು ಒಮ್ಮೆ ನೋಡಿ ಹೊರಟುಹೋದರು. ಊರಿಗೆ ಕಳಿಸುವ ಏರ್ಪಾಟು ಆಗುವವರೆಗೆ ಅವಳು ಕೋಠಿಯಲ್ಲೇ ಇರಬಹುದು, ಹಜಾರಕ್ಕೆ ಮಾತ್ರ ಕಾಲಿಡುವಂತಿಲ್ಲ ಎಂದಾಯಿತು.

ಆ ವಾರ ಡಾಕ್ಟರಮ್ಮ ನಮ್ಮ ಜೊತೆ ಸೇರಿದ ಎಲ್ಲ ಹೊಸಗೈಗಳನ್ನೂ ಕರೆದು ಮತ್ತೆ ಪರೀಕ್ಷಿಸಿದರು. ಸೀನಿಲ್ಲ, ಕೆಮ್ಮಿಲ್ಲ, ಚೆನ್ನಾಗಿದ್ದೇವೆ ಎಂದುಕೊಂಡಿದ್ದ ಎಷ್ಟೋ ಮಂದಿಯ ತೋಳಿನಲ್ಲಿ ಗುಳ್ಳೆ. ಉಸಿರಂಕ ಬಹುಮಂದಿಯದ್ದು ಜಾರಿತ್ತು, ನನ್ನದೂ ಸ್ವಲ್ಪ. ಡಾಕ್ಟರಮ್ಮ ಸಿಟ್ಟಿನಿಂದ ಕೆಂಪಾಗಿ ಯಜಮಾನರ ಕೋಣೆಗೆ ಹೋದರು. ಅವರ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು: "ನಿಮ್ಮ ನಿಯಮ ಹಿಡ್ಕೊಂಡು ಒಬ್ಬೊಬ್ಬರನ್ನೇ ಕಳಿಸ್ತಾ ಹೋಗಿ ರಾಚಯ್ಯನವರೆ. ಕೊನೆಗೆ ಕೋಠಿಯಲ್ಲಿ ಚಿಟ್ಟೆ ಮಾತ್ರ ಉಳೀತವೆ!" ಪುಡಿಯ ಮೂಲ ತಿಳಿಯುವವರೆಗೆ ಇನ್ನು ಯಾರನ್ನೂ ಕಳಿಸುವುದು ಬೇಡ ಎಂದಾಯಿತು.

ಪುಡಿ ಹೆಚ್ಚಾಗಿ ಏಳುವುದು ಮಧ್ಯಾಹ್ನ ಜೋಡಿ ಬಿಡಿಸುವಾಗ ಎಂದು ಕೋಠಿಯಲ್ಲಿ ತಲೆತಲಾಂತರದಿಂದ ನಂಬಿದ್ದರು. ಗವಸನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದುದೂ ಆಗಲೇ. ಡಾಕ್ಟರಮ್ಮ ನಮ್ಮ ಕಾಲರಿಗೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಗಾಳಿಡಬ್ಬಿ ಸಿಕ್ಕಿಸಿದರು. ನಾವು ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಂಡು ಪುಡಿಯನ್ನು ಹಿಡಿದಿಡುತ್ತದೆ. ನೋಡಿದರೆ ಪುಡಿ ತುಂಬುತ್ತಿದ್ದುದು ಬೆಳಗ್ಗೆ! ಜೋಡಿ ಮಾಡುವುದಕ್ಕೂ ಮೊದಲು, ನಾವು ಚಿಟ್ಟೆ ಮುಟ್ಟುವುದಕ್ಕೂ ಮೊದಲು. ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಹಜಾರದೊಳಗೆ ನಿಂತವರಿಗೆ ಅದು ಹೊಳೆಯುವ ಹಾಗೆಯೇ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಹಜಾರದ ಮೇಲೆ, ಶಾಲೆಯ ಮಕ್ಕಳು ಬಂದರೆ ನೋಡಲೆಂದು ಗಾಜು ಹಾಕಿದ ಒಂದು ಮೊಗಸಾಲೆಯಿದೆ. ಮಾದಲ ಪ್ರತಿದಿನ ಬೆಳಗ್ಗೆ ಅಲ್ಲಿ ಹೋಗಿ ಕೂರುತ್ತಿದ್ದಳು. ನಾನು ತಲೆಯೆತ್ತಿ ನೋಡಿದರೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ, ಬಿಸಿಲು ಆಗಷ್ಟೇ ಕಿಟಕಿಗೆ ಬಂದಿದ್ದಾಗ, ಮೇಲಿನಿಂದ ಗಾಜು ಒಡೆದುಹೋಗುವ ಹಾಗೆ ಬಡಿಯುವ ಸದ್ದು ಕೇಳಿತು. ಮಾದಲ ಎರಡೂ ಕೈಯಲ್ಲಿ ಬಡಿಯುತ್ತಿದ್ದಳು. ಬಾಯಿ ಏನೋ ಕೂಗುತ್ತಿತ್ತು, ಕೈ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿತ್ತು. ನಮಗೆ ತಲೆಬುಡ ತಿಳಿಯಲಿಲ್ಲ. ಅವಳು ಮೆಟ್ಟಿಲಿಳಿದು ಓಡಿಬಂದು, ಹೊಸ್ತಿಲಾಚೆ ನಿಂತು, ಏದುಸಿರಿನಲ್ಲೇ ಕೂಗಿದಳು:

"ಅಲೆ ಕನಮ್ಮಿ, ಅಲೆ! ರಾಗಿ ಹೊಲದ್ ಮ್ಯಾಲೆ ಗಾಳಿ ಹೋದಂಗೆ ಹೋಯ್ತದ! ಮೂಡ್ಲು ಸಾಲ್ನೋವು ಮೊದ್ಲು ಬಡೀತವ, ಆಮೇಲ್ ಅದರ್ ಪಕ್ಕದೋವು, ಆಮೇಲ್ ಅದರ್ ಪಕ್ಕದೋವು. ಕೊನೇಗ್ ಪಡ್ಲು ಗೋಡೆತಾವ. ಗಂಡು ಚಿಟ್ಟೆಗಳು! ಅವ್ಕೆ ಹೆಣ್ಣಿನ್ ವಾಸ್ನೆ ಹೊಡೀತಾ ಅದ!"

ಹೆಣ್ಣು ಚಿಟ್ಟೆ ಗೂಡಿನಿಂದ ಬಂದೊಡನೆ ಬಾಲದ ತುದಿಯಿಂದ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಗಂಡಿಗೆ ಅದರ ಒಂದು ಎಳೆ ತಾಗಿದರೂ ಸಾಕು, ಹುಚ್ಚು ಹಿಡಿದ ಹಾಗೆ ರೆಕ್ಕೆ ಬಡಿಯುತ್ತದೆ. ಹಾರಲಾರದು ಪಾಪ, ಕೂತಲ್ಲೇ ಬಡಿಯುತ್ತದೆ. ಇದು ಕೋಠಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಪೂರ್ವದ ಕಿಂಡಿಯ ತಂಪುಗಾಳಿ ಮೊದಲು ಹೆಣ್ಣುಗಳ ತಟ್ಟೆಗಳನ್ನು ಸವರಿ, ಆ ವಾಸನೆಯನ್ನೆಲ್ಲ ಹೊತ್ತುಕೊಂಡು, ಇಡೀ ಬೆಳಗ್ಗೆ ಸಾವಿರಾರು ಗಂಡುಗಳ ಮೇಲೆ ಸುರಿಯುತ್ತಿತ್ತು. ಅವು ಬಡಿದೂ ಬಡಿದೂ ಪುಡಿ ಉದುರಿಸುತ್ತಿದ್ದವು. ಅದರ ನಡುವೆ ನಾವು!

ನಾನು ಯೋಚಿಸಲಿಲ್ಲ. ಪಶ್ಚಿಮದ ಗೋಡೆಯಿಂದ ಗಂಡುಗಳ ಒಂದು ತಟ್ಟೆಯನ್ನು ಎತ್ತಿಕೊಂಡು, ಹೆಣ್ಣುಗಳ ಸಾಲನ್ನೂ ದಾಟಿ, ಪೂರ್ವದ ಕಿಂಡಿಯ ಬಾಯಿಗೇ ಹಿಡಿದೆ. ತಟ್ಟೆಯಲ್ಲಿದ್ದ ಗಲಾಟೆ ತಗ್ಗಿತು, ಆಮೇಲೆ ಪೂರ್ತಿ ನಿಂತಿತು. ಚಿಟ್ಟೆಗಳು ರೆಕ್ಕೆ ಮಡಚಿ ಸುಮ್ಮನೆ ಕೂತವು. ವಾಪಸು ಪಶ್ಚಿಮಕ್ಕೆ ಒಯ್ದೆ, ಮತ್ತೆ ಶುರು. ಹಜಾರದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಯಾರೋ ಓಡಿಹೋಗಿ ಯಜಮಾನರನ್ನು ಕರೆತಂದರು.

ರಾಚಯ್ಯನವರು ನನ್ನ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಅವರು ಪೂರ್ವಕ್ಕೆ ನಡೆದರು, ತಟ್ಟೆ ಸುಮ್ಮನಾಯಿತು. ಪಶ್ಚಿಮಕ್ಕೆ ನಡೆದರು, ತಟ್ಟೆ ಕುದಿಯಿತು. ಮತ್ತೆ ಪೂರ್ವಕ್ಕೆ. ಆ ಎತ್ತರದ ಮನುಷ್ಯ, ಚಿಟ್ಟೆ ತಟ್ಟೆಯನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಹಜಾರದುದ್ದಕ್ಕೂ ಹೋಗಿ ಬಂದು, ಹೋಗಿ ಬಂದು! ಅವರ ಮೀಸೆಯೆಲ್ಲ ಬೆಳ್ಳಗಾಗಿತ್ತು. ನಮಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಹೊಸ್ತಿಲ ಬಳಿ, ಮಾದಲಳ ಎದುರು ನಿಂತರು.

"ಹೆಣ್ಣುಗಳ್ನ ಪಡ್ಲಕ್ ಹಾಕುದ್ರೆ ಬಿಸಿ ಗಾಳೀಲಿ ಮೊಟ್ಟೆ ಕೆಡ್ತದಲ್ಲ ಕೂಸು. ಕಟ್ಟಿದೋರ್ ದಡ್ರಾ?"

"ದಡ್ರಲ್ಲ ಅಯ್ಯಾ. ತಂಪು ಬೇಕಿರೋದು ಮೊಟ್ಟೆ ಇಡೋವಾಗ. ಜೋಡಿಯಾದ್ ಮ್ಯಾಲೆ ಹೆಣ್ಣು ವಾಸ್ನೆ ಬುಡಾದ್ ನಿಲ್ಲುಸ್ತದ. ಅಲ್ಲೀಗಂಟ ಪಡ್ಲು ಗೋಡೆತಾವ ಇರ್ಲಿ. ಆಮೇಲ್ ಎತ್ತಿ ಬಡಗ್ಲು ಕೋಣೆಗ್ ಹಾಕಿ, ಅಲ್ಲಿ ತಂಪದ."

"ಕೆಲ್ಸ ಎಲ್ಡ್ ಪಟ್ಟಾಯ್ತದ."

"ಆಗ್ಲಿ ಅಯ್ಯಾ, ನಾವ್ ಮಾಡ್ತೀವಿ," ಎಂದು ನಾವೆಲ್ಲ ಒಂದೇ ದನಿಯಲ್ಲಿ ಕೂಗಿದೆವು.

ಅವರು ಮೀಸೆಯ ಪುಡಿಯನ್ನು ಒರೆಸಿಕೊಂಡು, "ಒಂದ್ ಬೆಳೆ ನೋಡವ," ಎಂದರು.

ಮುಂದಿನ ಬೆಳೆಯ, ಎಂದರೆ ಹುಳುವಿನ ಮುಂದಿನ ಸರದಿಯ, ಚಿಟ್ಟೆ ಹೊರಗೆ ಬಂದ ಬೆಳಗನ್ನು ನಾನು ಹೇಗೆ ವರ್ಣಿಸಲಿ! ನಮ್ಮ ಹಜಾರಕ್ಕೆ ಯಾವಾಗಲೂ ಒಂದು ಸದ್ದಿತ್ತು, ದೂರದ ಮಳೆಯಂಥದ್ದು. ಸೇರಿದಾಗಿನಿಂದ ಕೇಳಿದವರಿಗೆ ಅದು ಸದ್ದು ಎಂದೇ ಅನಿಸುತ್ತಿರಲಿಲ್ಲ. ಅಂದು ಅದು ಇರಲಿಲ್ಲ. ಗಂಡುಗಳು ಪೂರ್ವದ ತಂಪಿನಲ್ಲಿ ರೆಕ್ಕೆ ಮಡಚಿ ಕೂತಿದ್ದವು. ಹೆಣ್ಣುಗಳ ವಾಸನೆ ಯಾರನ್ನೂ ಮುಟ್ಟದೆ ಗೋಪುರದಿಂದ ಆಕಾಶಕ್ಕೆ ಹೋಗುತ್ತಿತ್ತು. ನಾವು ನಮಗರಿಯದೆಯೇ ಪಿಸುಮಾತಿನಲ್ಲಿ ಮಾತಾಡತೊಡಗಿದೆವು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಯಾವಾಗಲೂ ಕುಣಿಯುತ್ತಿದ್ದ ಬಿಳಿ ಧೂಳು ಕಾಣಲಿಲ್ಲ, ಆಚೆಯ ಗೋಡೆಯ ಇಟ್ಟಿಗೆಯ ಗೆರೆಗಳು ಕಂಡವು. ನನ್ನ ಪಕ್ಕದವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಜೊತೆಗೆ ನಗುತ್ತಿದ್ದೆ. ತಲೆಯೆತ್ತಿ ಗಾಜಿನ ಕಡೆ ನೋಡಿದೆ. ಮಾದಲ ಈ ಸಲ ಮುಖ ತಿರುಗಿಸಲಿಲ್ಲ. ಜೋಡಿ ಮಾಡುವ ಹೊತ್ತಿಗೆ ಇನ್ನೊಂದು ಅಚ್ಚರಿ: ಬೆಳಗ್ಗೆಯಿಂದ ದಣಿಯದೆ ಕೂತಿದ್ದ ಗಂಡುಗಳು ಬಿಟ್ಟ ಕೂಡಲೇ ಜೋಡಿಯಾದವು. ಆ ಬೆಳೆಯ ಮೊಟ್ಟೆ ಹಿಂದಿಗಿಂತ ತುಂಬಾ ಚೆನ್ನಾಗಿ ಬಂತು. ರಾಚಯ್ಯನವರು ಮೊಟ್ಟೆಹಾಳೆಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು.

ಕಾಲರಿನ ಗಾಳಿಡಬ್ಬಿಗಳಲ್ಲಿ ಪುಡಿ ಸಿಕ್ಕಿದ್ದು ಹಿಂದಿನದರ ಒಂದು ಚೂರು ಮಾತ್ರ. ಇನ್ನೊಂದು ಮಳೆಗಾಲ ಕಳೆದ ಮೇಲೆ ಡಾಕ್ಟರಮ್ಮ ಮತ್ತೆ ಎಲ್ಲರನ್ನೂ ಕೂರಿಸಿದರು. ಜಾರಿದ್ದ ಉಸಿರಂಕಗಳು ಒಂದೊಂದಾಗಿ ಮೇಲೆ ಬಂದಿದ್ದವು. ಗುಳ್ಳೆ ಎದ್ದಿದ್ದವರ ಗುಳ್ಳೆ ಹೋಗಲಿಲ್ಲ, ಆದರೆ ಅವರ ಎದೆಗೆ ಕೆಮ್ಮು ಇಳಿಯಲೇ ಇಲ್ಲ. ಅವರ ಮೇಲೆ ಇನ್ನೂ ಕಣ್ಣಿಡಬೇಕು ಎನ್ನುತ್ತಾರೆ ಡಾಕ್ಟರಮ್ಮ. ಹೊಸದಾಗಿ ಸೇರಿದ ತಂಡದಲ್ಲಿ ಒಬ್ಬನಿಗೆ ಮಾತ್ರ ಮೈನೆನಪು ಹತ್ತಿದೆ. ಒಬ್ಬನಿಗೂ ಹತ್ತಬಾರದಿತ್ತು ಎಂದು ಅವರು ಮುಖ ಸಿಂಡರಿಸುತ್ತಾರೆ.

ಮಾದಲಳ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಪುಡಿಯಿಂದ ದೂರವಿದ್ದುದರಿಂದ ಅವಳ ಉಸಿರಂಕ ಹತ್ತಿರ ಹತ್ತಿರ ಮೊದಲಿನಷ್ಟಕ್ಕೇ ಬಂತು. ಮೆಟ್ಟಿಲನ್ನು ಓಡಿ ಹತ್ತುತ್ತಾಳೆ, ನಕ್ಕರೆ ನಗು ನಗುವಾಗಿಯೇ ಮುಗಿಯುತ್ತದೆ. ಆಗ ಅವಳಿಗೂ ನನಗೂ ಆಸೆ ಹುಟ್ಟಿತು. ಡಾಕ್ಟರಮ್ಮ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಉಗುರಿನ ತುದಿಯಷ್ಟು ರೆಕ್ಕೆಪುಡಿಯನ್ನು ಗಾಳಿಗೆ ಬಿಟ್ಟರು. ಅಷ್ಟಕ್ಕೇ ಸಿಳ್ಳೆ. ಔಷಧ ಕೊಟ್ಟು ಹೊರಗೆ ಕರೆತಂದಾಗ ಅವಳು ಗೋಡೆಗೊರಗಿ ಕೂತಳು. ನಾನು ಪಕ್ಕದಲ್ಲಿ ಕೂತೆ.

"ಎದೆ ಸರಿಹೋಯ್ತು ಕನಮ್ಮಿ," ಎಂದಳು. "ಮೈ ಮಾತ್ರ ಮರೀನಿಲ್ಲ."

"ಸಿಟ್ಟಾ ನನ್ ಮ್ಯಾಲೆ?"

"ಇತ್ತು. ಈಗಿಲ್ಲ. ಅವತ್ತು ನೀ ಎಳ್ಕೊಂಡ್ ಹೋಗ್ದೆ ಇದ್ದಿದ್ರೆ ನಾ ಗಾಜಿನ್ ಆಚೆ ಕೂರ್ತಾನೆ ಇರ್ನಿಲ್ಲ." ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. "ನಂಜನಗೂಡಿನ್ ಬೇಕರೀಲಿ ಹಿಟ್ ಜರಡಿ ಹಿಡಿಯೋ ಐಕ್ಳೆಲ್ಲ ಸೀನ್ತವಂತೆ. ಅಲ್ಲಿ ಗಾಳಿ ಯಾವ್ ಕಡಿಂದ ಬತ್ತದ, ಹೋಗ್ ನೋಡವ?"

ಅಲ್ಲಿಂದ ಶುರುವಾಯಿತು ನೋಡಿ! ಈಗ ಅವಳಿಗೆ ಒಂದು ಹೊಸ ಕಸುಬೇ ಹುಟ್ಟಿಕೊಂಡಿದೆ, ಜನ ಅವಳನ್ನು ಗಾಳಿಗಾರ್ತಿ ಎನ್ನುತ್ತಾರೆ. ಬೇಕರಿಯಲ್ಲಿ ಹಿಟ್ಟಿನ ಚೀಲವನ್ನು ಎತ್ತರದಿಂದ ಸುರಿಯುವುದನ್ನು ನಿಲ್ಲಿಸಿ, ಜರಡಿಯನ್ನು ಕಿಟಕಿಯ ಬಳಿಯಿಂದ ಕದಲಿಸಿದಳು. ಬ್ಯಾಡಗಿಯ ಮೆಣಸಿನಕಾಯಿ ಗಿರಣಿಗೆ ಹೋಗಿ ಬಂದಳು. ಮೈಸೂರಿನಲ್ಲಿ ಔಷಧ ಪರೀಕ್ಷೆಗೆಂದು ಇಲಿ ಸಾಕುವ ಮನೆಯಲ್ಲಿ ಪಂಜರ ತೊಳೆಯುವ ಹೊಸಗೈಗಳ ಜೊತೆ ದಿನಗಟ್ಟಲೆ ಇದ್ದಳು. ಎಲ್ಲ ಕಡೆಯೂ ಗೆಲ್ಲುವುದಿಲ್ಲ. ಕೆಲವು ಕಡೆ ಬಾಗಿಲಲ್ಲೇ ವಾಪಸು ಕಳಿಸಿದ್ದಾರೆ. ಅವಳು ಮತ್ತೆ ಹೋಗುತ್ತಾಳೆ. ರಾಚಯ್ಯನವರು ಹೊಸ್ತಿಲ ನಿಯಮವನ್ನು ತಾವೇ ತೆಗೆಸಿಹಾಕಿದರು. ಯಾರ ಉಸಿರಂಕ ಇಳಿದರೂ ಮೊದಲು ಆ ಹಜಾರದ ಕೆಲಸ ನಿಲ್ಲಿಸಿ ಗಾಳಿಯನ್ನು ನೋಡಬೇಕು, ಆ ಹೊಸಗೈಗೆ ಪುಡಿಯಿಲ್ಲದ ಜಾಗದಲ್ಲಿ ಕೆಲಸ ಕೊಟ್ಟು ಉಳಿಸಿಕೊಳ್ಳಬೇಕು, ಎಂಬುದು ಈಗಿನ ನಿಯಮ. ಇದನ್ನು ಅವರು ಎಲ್ಲರೆದುರು ಹೇಳಿದಾಗ ನಾವು ಹಾಕಿದ ಕೇಕೆಗೆ ಹಿಪ್ಪುನೇರಳೆ ಗೋಡೆಯ ಗುಬ್ಬಿಗಳೆಲ್ಲ ಎದ್ದು ಹಾರಿದವು.

ಹಿರಿಯರೇ, ನಿಮ್ಮ ಕಾಲದಲ್ಲೂ ಈ ಹೊತ್ತು ಯಾರೋ ಹೊಸ ಏಪ್ರನ್ ಕಟ್ಟಿಕೊಂಡು ಮೊದಲ ದಿನ ಹಿಟ್ಟಿನ ಮುಂದೆ ನಿಂತಿರುತ್ತಾರೆ. ಯಾರೋ ಆಸ್ಪತ್ರೆಯಲ್ಲಿ ಪುಡಿಹಚ್ಚಿದ ರಬ್ಬರ್ ಗ್ಲೌಸಿಗೆ ಕೈ ತೂರಿಸುತ್ತಿರುತ್ತಾರೆ. ಯಾರೋ ಸಲೂನಿನಲ್ಲಿ ಕೂದಲಿನ ಬಣ್ಣದ ಪುಡಿ ಕಲಸುತ್ತಿರುತ್ತಾರೆ. ಅವರಿಗೆ ಕಲಿಯುವ ಹುರುಪು ಎಷ್ಟಿರುತ್ತದೆಂದರೆ, ಬಂದ ಸೀನನ್ನೂ ನುಂಗಿಕೊಳ್ಳುತ್ತಾರೆ. ನನ್ನ ಬೇಡಿಕೆ ಇಷ್ಟೇ. ಅವರು ಸೇರುವ ದಿನ ಅವರ ಎದೆಯನ್ನು ಅಳೆದಿಡಿ, ಆಮೇಲೂ ಆಗಾಗ ಅಳೆಯುತ್ತಿರಿ. ತೋಳಿನ ಗುಳ್ಳೆ ನೋಡಿ ಯಾರನ್ನೂ ಬಾಗಿಲಲ್ಲೇ ತಿರುಗಿಸಬೇಡಿ. ಅವರಲ್ಲಿ ಒಬ್ಬರಿಗೆ ಉಸಿರು ಕಟ್ಟಿದರೆ, ಮೊದಲು ಅವರನ್ನು ಅಲ್ಲಿಂದ ಹೊರಗೆ ತನ್ನಿ. ಆಮೇಲೆ ನೀವು, ಯಜಮಾನರು, ಮೇಷ್ಟ್ರು, ಯಾರೇ ಆಗಿರಿ, ಅವರು ನಿಂತಿದ್ದ ಜಾಗಕ್ಕೆ ಹೋಗಿ ನಿಂತು, ಅವರು ಎಳೆದುಕೊಳ್ಳುತ್ತಿದ್ದ ಗಾಳಿಯನ್ನು ನೀವೂ ಒಮ್ಮೆ ಎಳೆದುಕೊಳ್ಳಿ.

ನಿಮ್ಮೆಲ್ಲರ ಉಸಿರು ತಂಪಾಗಿರಲಿ.

ಇಂತಿ, ಇನ್ನೂ ಹುಟ್ಟದ ನಿಮ್ಮ ಮಗಳು,
ಚಿಕ್ಕತಾಯಿ